ಹುಣಸೆಮರದ ಪಕ್ಕದ ಸೊಪ್ಪು

ಆ ಬೆಳಿಗ್ಗೆ ಅವಳ ಕೂದಲು ಒದ್ದೆಯಾಗಿತ್ತೇ? ಒದ್ದೆಯಾಗಿತ್ತು ಎಂದು ನಾನು ಆಗ ಎಲ್ಲರೆದುರು ಹೇಳಿದ್ದೆ. ರವಿಕೆಯ ಬೆನ್ನು ನೆನೆದು ಹಸಿರು ಬಣ್ಣ ಕಪ್ಪಾಗಿದ್ದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಆದರೆ ಅದು ನಾನು ನೋಡಿದ್ದೋ, ನೋಡಿರಬೇಕೆಂದು ಆಮೇಲೆ ಬಯಸಿದ್ದೋ ಹೇಳಲಾರೆ. ಕಾಲೇಜಿನ ದಿನಗಳಿಂದಲೂ ನನಗೆ ದಿನಚರಿ ಬರೆಯುವ ಅಭ್ಯಾಸ. ಆ ವಾರದ ಹಾಳೆಗಳು ಮಾತ್ರ ಖಾಲಿ ಇವೆ. ಭಯವಾದಾಗ ನಾನು ಬರೆಯುವುದಿಲ್ಲ ಎಂಬುದಷ್ಟೇ ಅವುಗಳಿಂದ ಗೊತ್ತಾಗುವುದು.

ಅದು ಎಂಬತ್ತರ ದಶಕದ ಶುರುವಿನ ಮಾತು. ನಾನು ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ತಾಯಲೂರಿನಿಂದಾಚೆ, ಆಂಧ್ರದ ಗಡಿಗೆ ಹತ್ತಿರ. ಅಲ್ಲಿ ಕನ್ನಡದಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಮುಗಿಯುತ್ತಿತ್ತು. ಮಾಲೂರಿನಲ್ಲಿದ್ದ ಅಕ್ಕನಿಗೆ ಎರಡನೆಯ ಹೆರಿಗೆಯಾಗಿ, ಅಮ್ಮ ಬಾಣಂತನಕ್ಕೆ ಅಲ್ಲೇ ಉಳಿದಿದ್ದಳು. ಮನೆಯಲ್ಲಿ ಅಪ್ಪ ಮತ್ತು ನಾನು.

ಎದುರು ಮನೆಯವರು ರೇಷ್ಮೆ ಹುಳು ಸಾಕುತ್ತಿದ್ದರು. ಆ ಮನೆಯ ಯಜಮಾನಿಗೆ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ರಕ್ತಸಂಬಂಧವಿಲ್ಲದಿದ್ದರೂ ಅವಳನ್ನು ನಾನು ದೊಡ್ಡಮ್ಮ ಅನ್ನುತ್ತಿದ್ದೆ. ಅವಳಿಗೆ ಒಬ್ಬನೇ ಮಗ. ಕೋಪ ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವವನು. ಸೊಸೆ ಗಡಿಯಾಚೆಯ ಹಳ್ಳಿಯವಳು, ಮದುವೆಯಾಗಿ ಆಗಷ್ಟೇ ವರ್ಷ ತುಂಬಿತ್ತು. ನನ್ನ ವಯಸ್ಸಿನವಳೇ ಆದರೂ ಅತ್ತಿಗೆ ಎಂದು ಕರೆಯುತ್ತಿದ್ದೆ.

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಗೂಡು ಕಟ್ಟುವ ತನಕ ಹಸಿವೋ ಹಸಿವು. ಎಷ್ಟು ತೋಟವಿದ್ದರೂ ಹಿಪ್ಪುನೇರಳೆ ಸೊಪ್ಪು ಸಾಲುವುದಿಲ್ಲ. ಆಗ ಅಕ್ಕಪಕ್ಕದವರ ತೋಟದಿಂದ ಕೊಯ್ದುಕೊಳ್ಳುವುದು ವಾಡಿಕೆ. ಕೊನೆಯ ಸೊಪ್ಪಿಗೆ ಯಾರೂ ಇಲ್ಲವೆನ್ನುವಂತಿರಲಿಲ್ಲ, ಬೆಲೆ ಹೇಳುವಂತೆಯೂ ಇರಲಿಲ್ಲ. ಕೊಟ್ಟವರ ಕೈಗುಣ ಗೂಡಿನಲ್ಲಿ ಕಾಣುತ್ತದೆ ಎಂಬ ಮಾತಿತ್ತು. ನಾವು ಹುಳು ಸಾಕುವುದನ್ನು ಬಿಟ್ಟಿದ್ದೆವು, ತೋಟ ಉಳಿದಿತ್ತು. ಊರಿನ ಅರ್ಧ ಜನ ಕೊನೆಯ ಸೊಪ್ಪಿಗೆ ನಮ್ಮ ಬಾಗಿಲಿಗೇ ಬರುತ್ತಿದ್ದರು. ಅಪ್ಪನಿಗೆ ಅದು ಯಾವ ಪಂಚಾಯಿತಿ ಸ್ಥಾನಕ್ಕಿಂತಲೂ ದೊಡ್ಡ ಗೌರವ.

ಅಪ್ಪ ಮಗುವನ್ನು ನೋಡಲು ಮೊದಲ ಬಸ್ಸಿಗೆ ಮಾಲೂರಿಗೆ ಹೊರಟ ಬೆಳಿಗ್ಗೆಯೇ ಅತ್ತಿಗೆ ಬಂದಳು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ.

“ಏನ್ ಕಾಲೇಜಮ್ಮಾ, ಓದಿ ಓದಿ ಕಣ್ಣು ಗುಳಿ ಬಿದ್ದೋಗವೆ. ಮಾವ ಇಲ್ವಾ?”

“ಮಾಲೂರಿಗೆ ಹೋದ. ನಾಳೆ ಸಾಯಂಕಾಲ ಬರ್ತಾನೆ. ಏನತ್ತಿಗೆ?”

“ಸೊಪ್ಪು ಬೇಕಂತೆ ನಮ್ಮತ್ತೆಗೆ. ಹುಳ ನೋಡ್ಬೇಕು ನೀನು, ಬಿಟ್ರೆ ತಟ್ಟೇನೂ ತಿಂದಾಕ್ತವೆ, ನನ್ನೂ ತಿಂದಾಕ್ತವೆ.”

“ನಿನ್ನ ತಿಂದ್ರೆ ಅವಕ್ಕೇ ಹೊಟ್ಟೆನೋವು. ಕೊಯ್ಕೋ ಹೋಗು. ಹುಣಸೆಮರದ ಪಕ್ಕ ಚೆನ್ನಾಗಿ ಬಂದಿದೆ.”

ಅವಳು ನಗುತ್ತಾ ಹೋದಳು. ಆ ತೋಟದಲ್ಲಿ ಬೇರೆ ಪಟ್ಟಿಗಳೂ ಇದ್ದವು. ಹುಣಸೆಮರದ ಕಡೆ ಕೈ ತೋರಿಸಿದ್ದು ನಾನು. ಆ ಸೊಪ್ಪು ದಪ್ಪಗಿತ್ತು, ದಾರಿಗೆ ಹತ್ತಿರವಿತ್ತು, ಪುಸ್ತಕಕ್ಕೆ ಬೇಗ ಮರಳಬೇಕಿತ್ತು. ಯಾರೂ ನನ್ನಿಂದ ಹೇಳಿಸಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಎದುರು ಮನೆಯಿಂದ ದೊಡ್ಡಮ್ಮನ ಕೂಗು ಕೇಳಿತು. ಸಾವಾಗಿದೆ ಅಂದುಕೊಂಡು ಓಡಿದೆ. ಹುಳುಮನೆಗೆ ಹೊರಗಿನವರು ಕಾಲಿಡಬಾರದು, ಬಾಗಿಲಲ್ಲೇ ನಿಂತೆ. ಬಿದಿರಿನ ತಟ್ಟೆಗಳಲ್ಲಿ ಬೆರಳುದ್ದದ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು. ಎಷ್ಟೋ ಆಗಲೇ ಮುದುಡಿ ಬಿದ್ದಿದ್ದವು. ನಾನು ಅದಕ್ಕಿಂತ ಮುಂಚೆ ಕಂಡಿದ್ದ ಹುಳುವಿನ ರೋಗಗಳಲ್ಲಿ ಅವು ಸುಮ್ಮನೆ ಸಾಯುತ್ತಿದ್ದವು. ಇವು ಏನನ್ನೋ ಬೇಡ ಬೇಡ ಅನ್ನುತ್ತಿರುವಂತೆ ತಲೆಯಾಡಿಸುತ್ತಿದ್ದವು.

ಒಂದು ತಟ್ಟೆ ಮಾತ್ರ ನೆಟ್ಟಗಿತ್ತು. ಜ್ವರದಿಂದ ತಡವಾಗಿ ಎದ್ದ ಹುಳುಗಳನ್ನು ದೊಡ್ಡಮ್ಮ ಬೇರೆ ಇಟ್ಟು, ತಮ್ಮದೇ ತೋಟದ ಎಳೆಯ ಸೊಪ್ಪನ್ನು ತಾನೇ ಹಾಕುತ್ತಿದ್ದಳು.

“ನಾನು ಮುಟ್ಟಿದ್ದು ಬದುಕೈತೆ, ಇವಳು ಮುಟ್ಟಿದ್ದು ಸತ್ತೈತೆ,” ಎಂದು ದೊಡ್ಡಮ್ಮ ಅಂಗಳದಲ್ಲಿ ಸೇರಿದವರಿಗೆ ಹೇಳಿದಳು. “ಇನ್ನೇನು ಸಾಕ್ಷಿ ಬೇಕು? ಮೂರು ದಿನ ಹೊರಗೆ ಕೂತಿದ್ದೋಳು, ನೀರು ಹುಯ್ಕೊಳ್ಳೋಕೆ ಮುಂಚೆನೇ ಸೊಪ್ಪು ಮುಟ್ಟವ್ಳೆ.”

ಮುಟ್ಟಾದ ಹೆಂಗಸಿನ ನೆರಳು ಬಿದ್ದರೆ ಹುಳು ಕೆಡುತ್ತದೆ ಎಂದು ಊರೆಲ್ಲ ನಂಬಿತ್ತು. ಅತ್ತಿಗೆ ಕಂಬ ಹಿಡಿದು ನಿಂತಿದ್ದಳು.

“ಲೇದತ್ತಾ, ಇಲ್ಲ… ನೀರು ಹುಯ್ಕೊಂಡೇ ಹೋಗಿದ್ದು. ನಿಮ್ಮಾಣೆ ಅತ್ತಾ.”

“ನನ್ನಾಣೆ ಇಟ್ಟು ನನ್ನೂ ಸಾಯಿಸ್ತೀಯೇನೇ?”

ಮಗ ಹೆಂಡತಿಯ ಕಡೆ ನೋಡಲೇ ಇಲ್ಲ. “ನಾಳೆ ಹತ್ತು ಗಂಟೆ ಬಸ್ಸಿಗೆ ಅವರಮ್ಮನ ಮನೇಗೆ ಬಿಟ್ಬರ್ತೀನಿ,” ಅಂದ.

ಅಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದಿನ ಬೀದಿಯ ಒಬ್ಬಳನ್ನು ಹೀಗೆಯೇ, ನಾಲ್ಕು ದಿನ ಇದ್ದು ಬರಲಿ ಎಂದು ತವರಿಗೆ ಬಿಟ್ಟುಬಂದಿದ್ದರು. ಕರೆದುತರಲು ಯಾರೂ ಹೋಗಲಿಲ್ಲ. ಆ ಗಂಡನಿಗೆ ಆಗಲೇ ಬೇರೆ ಹೆಂಡತಿಯಿಂದ ಇಬ್ಬರು ಮಕ್ಕಳು. ಅತ್ತಿಗೆಯನ್ನು ಮನೆಯೊಳಗೆ ಬಿಡದೆ ದನದ ಕೊಟ್ಟಿಗೆಯಲ್ಲಿ ಕೂರಿಸಿದರು.

ಸಾಯಂಕಾಲ ಅಪ್ಪ ಬಂದ. ಬಟ್ಟೆಗೆಲ್ಲ ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆಯ ವಾಸನೆ. ಕಾಲು ತೊಳೆಯುತ್ತಾ ಮಗು ಯಾರ ಹಾಗಿದೆ ಎಂದು ಹೇಳುತ್ತಿದ್ದ. ನಾನು ಎದುರು ಮನೆಯ ಸುದ್ದಿ ಹೇಳಿದೆ. ಚೆಂಬು ಹಿಡಿದ ಕೈ ಹಾಗೇ ನಿಂತಿತು.

“ನಮ್ಮ ಸೊಪ್ಪು ಕೊಟ್ಯಾ?”

“ಹೂಂ.”

“ಯಾವ ಕಡೇದು?”

“ಹುಣಸೆಮರದ ಪಕ್ಕದ್ದು.”

ಅಪ್ಪ ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ಸಾಯಂಕಾಲ ಬಾಗಿಲು ಮುಚ್ಚುವ ಮನೆಯಲ್ಲ ನಮ್ಮದು. “ಮೊನ್ನೆ ಅದರ ಪಕ್ಕದ ಟೊಮೇಟೊಗೆ ಔಷಧಿ ಹೊಡೆದ್ನಲ್ಲ. ಗಾಳಿ ಆ ಕಡೆಗೇ ಇತ್ತು. ಆ ಪಟ್ಟಿ ಮುಟ್ಟಬೇಡಿ ಅಂತ ನಿಂಗೆ ಹೇಳಿದ್ನಲ್ಲಮ್ಮ!”

“ಹೇಳಲಿಲ್ಲಪ್ಪ ನೀನು.”

“ಹೇಳ್ದೆ ಕಣಮ್ಮ. ಬಸ್ಸಿಗೆ ಹೊರಟಾಗ, ಚಪ್ಪಲಿ ಮೆಟ್ಕೊಂಡು, ಇಲ್ಲೇ ನಿಂತು.”

ಹೊರಟಾಗ ಅಪ್ಪ ಏನೋ ಹೇಳಿದ್ದು ನಿಜ. ನಾನು ಹೂಂ ಅಂದಿದ್ದೂ ನಿಜ. ಓದುವಾಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ. ಅವನು ಹೇಳಿದ್ದು ಸೊಪ್ಪಿನ ವಿಷಯವೋ, ಎಮ್ಮೆಗೆ ನೀರಿಡುವ ವಿಷಯವೋ? ಇಷ್ಟು ವರ್ಷ ಆ ಬಾಗಿಲಿನ ಮುಂದೆ ಅವನನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡಿದ್ದೇನೆ. ಬಾಯಿ ಆಡುತ್ತದೆ, ಮಾತು ಕೇಳಿಸುವುದಿಲ್ಲ.

ಅಪ್ಪನ ಕೋಪವನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅದಕ್ಕೆ ಹೆದರುವುದೂ ಗೊತ್ತಿತ್ತು. ಅವತ್ತು ಅವನು ಕೋಪ ಮಾಡಿಕೊಳ್ಳಲಿಲ್ಲ. ಗೋಡೆಗೆ ಒರಗಿ ಕೂತು ಒಣಗಿದ ತುಟಿ ಸವರಿಕೊಂಡ. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಸುಮ್ಮನಿರು,” ಅಂದ. “ಹೇಳಿದ್ರೆ ಸತ್ತ ಹುಳ ಎದ್ದು ಬರ್ತವಾ? ಎದುರುಮನೆ ಹುಡುಗನ ಕೋಪ ನಿಂಗೊತ್ತಿಲ್ಲ. ಶ್ರೀನಿವಾಸಪುರದೋರು ನಿನ್ನ ನೋಡೋಕೆ ಬರ್ತೀವಿ ಅಂದವ್ರೆ. ವಿಷದ ಸೊಪ್ಪು ಕೊಟ್ಟ ಮನೆ ಅಂತ ಒಂದು ಮಾತು ಹೋದ್ರೆ…”

“ಅತ್ತಿಗೆನ ಬಿಟ್ಬರ್ತಾರಂತಪ್ಪ.”

“ಬಿಟ್ರೆ ಕರ್ಕೊಂಡು ಬರ್ತಾರೆ, ಸುಮ್ಮನಿರಮ್ಮ.”

ಕರೆದುತರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಇಲ್ಲಿ ಒಂದು ಮಾತನ್ನು ಮೆತ್ತಗೆ ಮಾಡದೆ ಬರೆಯಬೇಕು. ಅಪ್ಪ ಸುಮ್ಮನಿರು ಅಂದಾಗ ನನಗಾದದ್ದು ಸಮಾಧಾನ. ನಿರ್ಧಾರ ದೊಡ್ಡವರದ್ದಾಯಿತು, ನಾನು ಮಾತು ಕೇಳಿದ ಮಗಳಾದೆ. ನನ್ನ ಕೋಣೆಯ ಕಿಟಕಿಯಿಂದ ಅವರ ಕೊಟ್ಟಿಗೆ ಕಾಣುತ್ತಿತ್ತು. ನಾನು ಕಿಟಕಿ ಮುಚ್ಚಿದೆ.

ಸಮಾಧಾನ ಊಟದ ಹೊತ್ತಿಗೇ ಮುಗಿಯಿತು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಗೊತ್ತಾಗಿ ಬಂದರು ಎನ್ನಿಸುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಈ ಹೆದರಿಕೆ ನನ್ನ ಜೊತೆ ಬೆಂಗಳೂರಿಗೂ ಬರುತ್ತದೆ, ಯಾವ ಮನೆಗೆ ಹೋದರೆ ಆ ಮನೆಗೂ ಬರುತ್ತದೆ ಎಂದುಕೊಂಡೆ. ಅತ್ತಿಗೆಗಾಗಿ ಹೆದರುತ್ತಿದ್ದೆನೋ ನನಗಾಗಿಯೋ, ಬೇರ್ಪಡಿಸಲಾರೆ.

ಬೆಳಿಗ್ಗೆ ಅತ್ತಿಗೆ ಕೊಟ್ಟಿಗೆಯಿಂದ ಹೊರಬಂದಳು. ಮದುವೆಯಲ್ಲಿ ಬಂದಿದ್ದ ತಗಡಿನ ಪೆಟ್ಟಿಗೆಯನ್ನು ಅಂಗಳದಲ್ಲಿ ಇಟ್ಟಿದ್ದರು. ಗಂಡ ಇಸ್ತ್ರಿ ಮಾಡಿದ ಷರ್ಟು ಹಾಕಿ ಸಿದ್ಧನಾಗಿದ್ದ. ಅವಳು ಸೆರಗು ಸರಿಮಾಡಿಕೊಂಡು ನಮ್ಮ ಮನೆಯ ಕಡೆ ನೋಡಿದಳು. ಆತ್ಮಸಾಕ್ಷಿ ನನ್ನನ್ನು ಎಬ್ಬಿಸಿತು ಎಂದು ಬರೆಯಲು ಇಷ್ಟ. ಆದರೆ ಆ ನೋಟ ಕಂಡು ನನಗೆ ಅನ್ನಿಸಿದ್ದು ‘ಅವಳಿಗೆ ಗೊತ್ತಿದೆ’ ಎಂದಷ್ಟೇ. ಹಾಗನ್ನಿಸಿದ ಮೇಲೆ ಕೂತಿರಲಾಗಲಿಲ್ಲ. ಬೀದಿ ದಾಟಿ ಅವರ ಅಂಗಳಕ್ಕೆ ಹೋದೆ.

“ದೊಡ್ಡಮ್ಮ, ಅತ್ತಿಗೆದು ತಪ್ಪಿಲ್ಲ. ನಮ್ಮ ಸೊಪ್ಪಿಂದ ಆಗಿದ್ದು. ಪಕ್ಕದ ಟೊಮೇಟೊಗೆ ಔಷಧಿ ಹೊಡೆದಿತ್ತು, ಸೊಪ್ಪಿನ ಮೇಲೆ ಬಿದ್ದಿದೆ. ಅಲ್ಲೇ ಕೊಯ್ಕೋ ಅಂತ ತೋರಿಸಿದ್ದು ನಾನು.”

ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಬಂದ್ಲಪ್ಪ ಓದಿದೋಳು ನ್ಯಾಯ ಹೇಳೋಕೆ. ಇಬ್ರೂ ಜಗಲಿ ಮೇಲೆ ಕೂತು ಕಿಸಿಕಿಸಿ ಅಂತಿದ್ದೋರು ತಾನೇ? ಗೆಳತಿ ಮನೆ ಉಳಿಸೋಕೆ ಸುಳ್ಳು ಹೇಳ್ತೀಯಾ?”

“ಸುಳ್ಳಲ್ಲ ದೊಡ್ಡಮ್ಮ. ಅವಳು ಸೊಪ್ಪಿಗೆ ಬಂದಾಗ ತಲೆ ಒದ್ದೆಯಾಗಿತ್ತು. ನೀರು ಹುಯ್ಕೊಂಡೇ ಬಂದಿದ್ಲು, ನಾನು ನೋಡಿದ್ದೀನಿ.”

“ನೋಡ್ದೆ ಅಂತೀಯ. ಮತ್ತೆ ನಿನ್ನೆ ಬಾಯಲ್ಲಿ ಕಡುಬಿತ್ತಾ?”

ಅಷ್ಟರಲ್ಲಿ ಹಿಂದೆ ಅಪ್ಪನ ಕೆಮ್ಮು ಕೇಳಿತು. ಹೊಡೆಯಲು ಬಂದನೆಂದು ನಾನು ಕುಗ್ಗಿದೆ.

“ಔಷಧಿ ಹೊಡೆದೋನು ನಾನು ಅಕ್ಕಯ್ಯ,” ಅಂದ. “ಹುಡುಗಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.”

“ಇಲ್ಲ, ಅಪ್ಪ ಹೇಳಿದ್ದ. ನಾನು ಕೇಳಿಸ್ಕೊಳ್ಳಲಿಲ್ಲ,” ಅಂದೆ.

ಹಿಂದಿನ ಸಂಜೆ ಅವನು ಹೇಳಿದೆ ಅಂದಿದ್ದ, ನಾನು ಇಲ್ಲವೆಂದಿದ್ದೆ. ಬೆಳಗಾಗುವಷ್ಟರಲ್ಲಿ ಮಾತು ಅದಲುಬದಲಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮಗ ಜೋರಾಗಿ ನಕ್ಕ. “ಅಪ್ಪ ಒಂದು ಹೇಳ್ತಾನೆ, ಮಗಳು ಒಂದು ಹೇಳ್ತಾಳೆ. ನಾಟಕದ ಮಾತನ್ನಾದ್ರೂ ನೆಟ್ಟಗೆ ಕಲ್ತು ಬರಬಾರದಾ ಚಿಕ್ಕಪ್ಪ?” ನಗು ನಿಲ್ಲುತ್ತಲೇ ಪೆಟ್ಟಿಗೆ ಎತ್ತಿ ಹೆಂಡತಿಗೆ “ನಡೀಯೇ” ಅಂದ.

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ. “ಹಿಂದೆ ಬಿದ್ದ ಹುಳ ಇದಾವಲ್ಲ, ಎರಡು ಮೊರದಲ್ಲಿ ಒಂದೊಂದು ಹಿಡಿ ಹಾಕು ದೊಡ್ಡಮ್ಮ. ಒಂದಕ್ಕೆ ನಮ್ಮ ಹುಣಸೆಮರದ ಪಕ್ಕದ ಸೊಪ್ಪು, ನನ್ನ ಕೈಯಿಂದ. ಇನ್ನೊಂದಕ್ಕೆ ನಿಮ್ಮ ತೋಟದ ಸೊಪ್ಪು, ಅತ್ತಿಗೆ ಕೈಯಿಂದ. ಯಾವುದು ಸಾಯುತ್ತೋ ನೋಡೋಣ.”

“ಇರೋದು ಅದೊಂದೇ ತಟ್ಟೆ ಕಣಮ್ಮ,” ಎಂದು ಮಗ ಗದರಿದ. “ಅದನ್ನೂ ಸಾಯಿಸೋಕೆ ಬಂದವ್ಳೆ.”

ದೊಡ್ಡಮ್ಮ ಒಳಗೆ ಹೋಗಿ ಆ ತಟ್ಟೆಯನ್ನು ನೋಡಿ ಬಂದಳು. ಆಮೇಲೆ ಮಗನಿಗೆ “ಪೆಟ್ಟಿಗೆ ಇಳಿಸು” ಅಂದಳು. ನನ್ನ ಕಡೆ ತಿರುಗಿ, “ಮಡಿಯಾಗಿದ್ದೀಯಾ?” ಎಂದು ಕೇಳಿದಳು. ಹೂಂ ಅಂದೆ. “ಹೋಗಿ ಸೊಪ್ಪು ತಾ.”

ಕೊಯ್ದು ತಂದೆ. ಅತ್ತಿಗೆಯೂ ಅವರ ತೋಟದಿಂದ ತಂದಳು. ದೊಡ್ಡಮ್ಮ ಎರಡು ಮೊರಗಳನ್ನು ಒರೆಸಿ, ಹುಳುಗಳನ್ನು ತಾನೇ ಎತ್ತಿ ಹಾಕಿ, ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. ನಾನು ಸೊಪ್ಪು ಹರಡಿದೆ. ಅತ್ತಿಗೆ ಹರಡಿದ ಎಲೆಗಳಲ್ಲಿ ಅರ್ಧ ಮೊರದಿಂದಾಚೆ ಬಿದ್ದವು. ಆಗ ನನಗೆ ಹೊಳೆಯಿತು, ನಾನೇನು ಮಾಡಿಬಿಟ್ಟೆನೆಂದು. ಆ ಹುಳುಗಳಿಗೆ ಮುಂಚೆಯೇ ಬೇರೆ ರೋಗವಿದ್ದರೆ? ಅವಳ ಮೊರದಲ್ಲೂ ನಾಲ್ಕು ಸತ್ತರೆ? ಅಲ್ಲಿಯವರೆಗೆ ಅವಳ ಮೇಲೆ ಬರೀ ಮಾತಿತ್ತು. ಈಗ ಊರಿನ ಕಣ್ಣೆದುರೇ ರುಜುವಾತಾಗುವಂತೆ ಮಾಡಿದ್ದೆ. ಅವಳನ್ನು ಕೇಳದೆ ಅವಳ ಬಾಳನ್ನು ಒಂದು ಮೊರದಲ್ಲಿ ಹಾಕಿಟ್ಟಿದ್ದೆ.

ಎರಡೂ ಮೊರದ ಹುಳುಗಳು ತಿನ್ನತೊಡಗಿದವು. ಒಂದೇ ಹಸಿವು, ಒಂದೇ ಸದ್ದು. ನನ್ನ ಮೊರದ ಹುಳುಗಳು ಸಾಯಲಿ ಎಂದು ಬೇಡಿಕೊಂಡೆ. ಸತ್ತರೆ ಅಪ್ಪನ ಮನೆ ವಿಷದ ಸೊಪ್ಪಿನ ಮನೆಯಾಗುತ್ತದೆ. ಸಾಯದಿದ್ದರೆ ಅವಳು ಹೋಗುತ್ತಾಳೆ. ಜೀವವಿರುವ ಪ್ರಾಣಿ ಸಾಯಲಿ ಎಂದು ದೇವರನ್ನು ಕೇಳಿದ್ದು ನಾನು ಅದೊಂದೇ ಸಲ. ನಡುವೆ ಒಂದು ಗಳಿಗೆ, ಸಾಯದಿರಲಿ ಎಂದೂ ಬೇಡಿಕೊಂಡಿರಬಹುದು. ಇಲ್ಲವೆಂದು ಆಣೆ ಮಾಡಲಾರೆ.

ಬಸ್ಸು ಊರ ಮುಂದೆ ಹಾರ್ನ್ ಹೊಡೆದು ನಿಂತಿತು. ಯಾರೂ ಏಳಲಿಲ್ಲ. ಮತ್ತೊಮ್ಮೆ ಹೊಡೆದು ಹೋಯಿತು. ಬಿಸಿಲು ಜಗಲಿಯ ಅಂಚಿಗೆ ಬಂದಾಗ ದೊಡ್ಡಮ್ಮ ಮೊರಗಳನ್ನು ನೆರಳಿಗೆ ಎಳೆದಳು. ಮಗ ಬೀಡಿ ಹಚ್ಚಲು ಹೋಗಿ, ಹುಳುವಿಗೆ ಹೊಗೆ ಆಗದೆಂದು ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡ.

ಮೊದಲು ನೋಡಿದವಳು ಅತ್ತಿಗೆ. “ಅತ್ತಾ,” ಅಂದಳು, ಅಷ್ಟೇ. ನನ್ನ ಮೊರದಲ್ಲಿ ಒಂದು ಹುಳು ತಿನ್ನುವುದನ್ನು ಬಿಟ್ಟು ತಲೆ ಎತ್ತಿತ್ತು. ಅತ್ತಿತ್ತ ಆಡಿಸಿತು. ಇನ್ನೊಂದು ಎತ್ತಿತು. ಆಮೇಲೆ ಹಸಿರು ನೀರು. ಪಕ್ಕದ ಮೊರದವು ತಮ್ಮ ಪಾಡಿಗೆ ಎಲೆಯನ್ನು ದಂಟಿನ ತನಕ ತಿಂದು ಮುಗಿಸುತ್ತಿದ್ದವು.

ನಾನು ಮುಖ ಮುಚ್ಚಿಕೊಂಡೆ. ನನ್ನ ಮೇಲೆ ಏನಾದರೂ ಬಂದು ಬೀಳುತ್ತದೆ ಎಂದು ಕಾದೆ. ಮಗ ಎದ್ದದ್ದು ಕೇಳಿಸಿತು. ಅಪ್ಪ ನನ್ನ ಮುಂದೆ ಬಂದು ನಿಂತ.

“ಕೂತ್ಕೊಳ್ಳೋ,” ಎಂದು ದೊಡ್ಡಮ್ಮ ಮಗನಿಗೆ ಹೇಳಿದಳು. ನನ್ನ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಗುಂಡಿಗೆ ಸುರಿದು, ಮೇಲೆ ಬೂದಿ ಎರಚಿ ಬಂದಳು. ಸೊಸೆಗೆ ತಪ್ಪಾಯಿತು ಅನ್ನಲಿಲ್ಲ. “ಒಳಗೋಗು. ಒಲೆ ಹಚ್ಚು. ಯಾರೂ ಉಂಡಿಲ್ಲ,” ಅಂದಳು. ಅತ್ತಿಗೆ ಪೆಟ್ಟಿಗೆ ಎತ್ತಿಕೊಂಡು ಹೊಸಲು ದಾಟಿದಳು.

ಆಮೇಲೆ ಅಪ್ಪನಿಗೆ: “ಇನ್ಮೇಲೆ ನಿನ್ನ ತೋಟದ ಸೊಪ್ಪು ನಮ್ಮನೆಗೆ ಬೇಡಪ್ಪ.”

ಅಪ್ಪ ಕೈಮುಗಿದ. ಮನೆಗೆ ಬರಲಿಲ್ಲ. ಹುಳು ಸಾಕುವ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ, ನನ್ನ ಸೊಪ್ಪಿನಿಂದ ಎದುರು ಮನೆಯವರ ಬೆಳೆ ಹೋಯಿತು, ಈ ಸಲ ಯಾರೂ ನಮ್ಮಲ್ಲಿ ಕೊಯ್ಯಬೇಡಿ ಎಂದು ತಾನೇ ಹೇಳಿಬಂದ. ಬೇರೆಯವರ ಬಾಯಿಂದ ಗೊತ್ತಾಗಲಿ ಎಂದು ಕಾಯಲಿಲ್ಲ. ಆಮೇಲಿನ ಬೆಳೆಗಳಲ್ಲೂ ಯಾರೂ ಬರಲಿಲ್ಲ. ಹಿಪ್ಪುನೇರಳೆ ಆಳೆತ್ತರ ಬೆಳೆದು ಕೊನೆಗೆ ಮೇಕೆಗಳ ಪಾಲಾಯಿತು. ಶ್ರೀನಿವಾಸಪುರದವರೂ ಬರಲಿಲ್ಲ. ಅದಕ್ಕೆ ಇದೇ ಕಾರಣವೆಂದು ನಾನು ವರ್ಷಗಟ್ಟಲೆ ನಂಬಿದ್ದೆ. ಕೋಲಾರದಲ್ಲಿ ಅವರಿಗೆ ಬೇರೆ ಸಂಬಂಧ ಕುದುರಿತ್ತು ಎಂದು ಅಕ್ಕ ಹೇಳುತ್ತಾಳೆ. ಇರಬಹುದು. ಬಾಗಿಲಲ್ಲಿ ನಿಂತು ಏನು ಹೇಳಿದ್ದೆ ಎಂದು ಅಪ್ಪ ಸಾಯುವ ತನಕ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ರಜೆ ಮುಗಿಯುವ ಮುಂಚೆ ಒಂದು ದಿನ ಅತ್ತಿಗೆ ಒಬ್ಬಳೇ ಸಿಕ್ಕಳು. ಇಬ್ಬರೂ ನೀರಿಗೆ ಬಂದಿದ್ದೆವು. ಅವಳು ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆಂದು ನಾನು ಎದುರು ನೋಡುತ್ತಿದ್ದೆ ಅನ್ನುವುದನ್ನು ಒಪ್ಪಿಕೊಳ್ಳಬೇಕು.

“ಮಾವ ಮಾಲೂರಿಂದ ಬಂದಿದ್ದು ಸಾಯಂಕಾಲ ಅಲ್ವಾ?” ಅಂದಳು. “ಬಂದ ತಕ್ಷಣ ನಿಂಗೆ ಗೊತ್ತಾಯ್ತು.”

“ಹೂಂ.”

“ನಿಮ್ಮನೆ ದೀಪ ಆರೋ ತನಕ ನೋಡ್ತಿದ್ದೆ ನಾನು. ಯಾರಾದ್ರೂ ಬರ್ತಾರಾ, ಒಂದು ಮಾತು ಹೇಳ್ತಾರಾ ಅಂತ. ನೀನು ಕಿಟಕಿ ಹಾಕ್ಕೊಂಡಿದ್ದೂ ನೋಡ್ದೆ.”

ನಾನು ಕೊಡದ ಕುತ್ತಿಗೆ ಹಿಡಿದು ನಿಂತಿದ್ದೆ.

“ಕೊಟ್ಟಿಗೆ ಹಿಂದೇನೇ ಬಾವಿ,” ಅಂದಳು, ದಾರಿ ಹೇಳುವವಳ ಹಾಗೆ. “ಎರಡು ಸಲ ಕಟ್ಟೆ ತನಕ ಹೋಗಿ ಬಂದೆ. ಎಮ್ಮೆ ಕೂಗ್ತು ಅಂತ ವಾಪಸ್ ಬಂದೆ.”

ಅವಳು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿದಳು. ತುಂಬಿದ ಕೊಡ ಎತ್ತಲು ಇನ್ನೊಬ್ಬರ ಕೈ ಬೇಕು. ನಾನು ಬಗ್ಗಿ ಎತ್ತಿ ಕೊಟ್ಟೆ. ನೀರು ತುಳುಕಿ ಅವಳ ಹೆಗಲ ಮೇಲೆ ಚೆಲ್ಲಿತು. “ಮೆಲ್ಲಗೆ,” ಅಂದಳು, ಕೊಡ ಸರಿಮಾಡಿಕೊಂಡು ಹೋದಳು.